ಸದಾರಮೆ ನೋಡುತ್ತಾ ಬೆಳಗಾದ ರಾತ್ರಿಗಳು

ನಮ್ಮಜ್ಜಿಗೆ ತನ್ನ ಮದುವೆ ಯಾವ ಇಸವಿಯಲ್ಲಿ ಆಯಿತು ಅಂತ ಹೇಳೋಕೆ ಬರುತ್ತಿರಲಿಲ್ಲ. ಕೇಳಿದರೆ, "ಅರಸೀಕೆರೆಗೆ ಸದಾರಮೆ ನಾಟಕ ಬಂದಿತ್ತಲ್ಲ ಮಗ, ಅದರ ಮುಂದಿನ ಸುಗ್ಗೀಲಿ" ಅನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ಮದುವೆಗಿಂತ ನಾಟಕವೇ ದೊಡ್ಡ ಗುರುತು. ಊರಿಂದ ಎರಡು ಗಾಡಿ ಕಟ್ಟಿಕೊಂಡು ಹೊರಟಿದ್ದು, ಬುತ್ತಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಇದ್ದಿದ್ದು, ವಾಪಸ್ ಬರುವಾಗ ಕೋಳಿ ಕೂಗಿದ್ದು, ಎಲ್ಲ ನೆನಪಿತ್ತು ಅವಳಿಗೆ. ಆಗ ಅವಳಿಗೆ ಹದಿನಾಲ್ಕೋ ಹದಿನೈದೋ ವಯಸ್ಸು. ರಾತ್ರಿಯೆಲ್ಲ ಮನೆಯ ಹೊರಗೆ ಕಳೆದದ್ದು ಅದೇ ಮೊದಲು.

ಈಗ ನಮ್ಮ ಕಡೆ ಜಾತ್ರೆ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಹಳೆ ನಾಟಕದ ಮಾತು ಶುರುವಾಗುತ್ತದೆ. "ಎಂಥಾ ಕಾಲ ಅದು" ಅಂತ ಒಬ್ಬರು ಹಾಕಿದರೆ, ಕೆಳಗೆ ಇಪ್ಪತ್ತು ಜನ ಕೈಮುಗಿದ ಚಿತ್ರ ಹಾಕುತ್ತಾರೆ. ನಾನೂ ಹಾಕಿದ್ದೇನೆ. ಆದರೆ ಹೋದ ವರ್ಷ ಆ ಕಾಲದ ಒಬ್ಬ ಕಲಾವಿದೆಯ ಮನೆಗೆ ಹೋಗಿ ಬಂದ ಮೇಲೆ ಆ ಮಾತನ್ನು ಅಷ್ಟು ಸಲೀಸಾಗಿ ಬರೆಯೋಕೆ ಆಗುತ್ತಿಲ್ಲ. ಅದಕ್ಕೇ ಈ ಬರಹ. ಮೊದಲು ಸದಾರಮೆ ಎಂದರೇನು, ಅದು ನಮ್ಮ ಕಡೆಗೆ ಹೇಗೆ ಬಂತು ಎಂದು ಹೇಳುತ್ತೇನೆ. ಆ ಅಮ್ಮನ ವಿಷಯ ಆಮೇಲೆ.

ಒಂದು ಹುಡುಗ, ಒಂದು ಹುಡುಗಿ, ಒಬ್ಬ ಕಳ್ಳ

ಸದಾರಮೆಯ ಕತೆ ಹಳೆಯವರಿಗೆಲ್ಲ ಗೊತ್ತು. ಇಪ್ಪತ್ತರ ಹರೆಯದವರಿಗಾಗಿ ಚುಟುಕಾಗಿ ಹೇಳುತ್ತೇನೆ.

ಜಯವೀರ ಎಂಬ ರಾಜಕುಮಾರ. ಸದಾರಮೆ ವ್ಯಾಪಾರಿಯ ಮಗಳು. ಹುಡುಗ ಅವಳನ್ನು ನೋಡಿ ಮನಸೋಲುತ್ತಾನೆ. ಹುಡುಗಿಯ ಅಪ್ಪ ದುಡ್ಡಿನಾಸೆಯವನು. ಮಗಳನ್ನು ಕೊಡಬೇಕಾದರೆ ರಾಜ್ಯವನ್ನೇ ಬರೆದುಕೊಡು ಅನ್ನುತ್ತಾನೆ. ಪ್ರೀತಿಯ ಅಮಲಿನಲ್ಲಿದ್ದ ಹುಡುಗ ಬರೆದುಕೊಟ್ಟೇ ಬಿಡುತ್ತಾನೆ! ಕಟ್ಟಿಕೊಂಡ ಹೆಂಡತಿಯೊಡನೆ ಬೀದಿಪಾಲಾಗುತ್ತಾನೆ. ಆಮೇಲೆ ಕಷ್ಟಗಳ ಸಾಲು. ಬೇರೆ ಊರಿನ ರಾಜನ ಕಣ್ಣು ಸದಾರಮೆಯ ಮೇಲೆ ಬೀಳುತ್ತದೆ. ಗಂಡ ಹೆಂಡತಿ ಅಗಲುತ್ತಾರೆ. ನಡುವೆ ಒಬ್ಬ ಕಳ್ಳ ಅವಳನ್ನು ಹೊತ್ತೊಯ್ಯುತ್ತಾನೆ. ಸದಾರಮೆ ಅತ್ತು ಕೂರುವುದಿಲ್ಲ. ಕಳ್ಳನನ್ನು ಮಾತಿನಲ್ಲೇ ಮರುಳು ಮಾಡಿ ತಪ್ಪಿಸಿಕೊಳ್ಳುತ್ತಾಳೆ. ಗಂಡಸಿನ ವೇಷ ಹಾಕಿಕೊಂಡು ಊರೂರು ಸುತ್ತಿ, ಕೊನೆಗೆ ಗಂಡನನ್ನೂ ಹೋದ ರಾಜ್ಯವನ್ನೂ ವಾಪಸ್ ತರುತ್ತಾಳೆ.

ವಿವರಗಳು ಒಂದೊಂದು ಮಂಡಳಿಯಲ್ಲಿ ಒಂದೊಂದು ತರ. ತಿರುಳು ಮಾತ್ರ ಇದೇ. ಪ್ರೀತಿಗಾಗಿ ಎಲ್ಲ ಕಳಕೊಳ್ಳುವವನು ಹುಡುಗ. ಬುದ್ಧಿಯಿಂದ ಎಲ್ಲ ಉಳಿಸುವವಳು ಹುಡುಗಿ.

ಇದನ್ನು ಹದಿನೈದು ವರ್ಷದ ಒಬ್ಬ ಹಳ್ಳಿ ಹುಡುಗಿ ನೋಡುತ್ತಿದ್ದಾಳೆ ಅಂದುಕೊಳ್ಳಿ. ಅವಳ ಮದುವೆ ಮಾತುಕತೆ ಜಗುಲಿಯ ಮೇಲೆ ಅವಳನ್ನು ಕೇಳದೆಯೇ ನಡೆಯುತ್ತಿದೆ. ಅವಳು ಸಂತೆಗೂ ಒಬ್ಬಳೇ ಹೋಗುವಂತಿಲ್ಲ. ಆದರೆ ಇಲ್ಲಿ, ಅಪ್ಪ, ಚಿಕ್ಕಪ್ಪ, ಅಣ್ಣಂದಿರೆಲ್ಲ ಪಕ್ಕದಲ್ಲೇ ಕೂತು ಚಪ್ಪಾಳೆ ತಟ್ಟುತ್ತಿರುವಾಗ, ಒಂದು ಹೆಣ್ಣು ಮನೆ ಬಿಟ್ಟು, ಕಳ್ಳನ ಕೈಯಿಂದ ತಪ್ಪಿಸಿಕೊಂಡು, ಗಂಡುವೇಷ ಹಾಕಿ ದೇಶ ಸುತ್ತುತ್ತಾಳೆ. ಊರಿನವರು ಬೈಯುತ್ತಿಲ್ಲ. ಒನ್ಸ್ ಮೋರ್ ಅನ್ನುತ್ತಿದ್ದಾರೆ.

ಅಜ್ಜಿಗೆ ಆ ರಾತ್ರಿ ಯಾಕೆ ಮರೆಯಲಿಲ್ಲ ಎಂದು ನನಗೆ ಅರ್ಥವಾಗಿದ್ದು ಹೀಗೆ.

ಗುಬ್ಬಿಯಿಂದ ಬಂದ ರೈಲು

ಸದಾರಮೆ ಅಂದರೆ ನೆನಪಾಗುವ ಹೆಸರು ಗುಬ್ಬಿ ವೀರಣ್ಣನವರದು. ಆದರೆ ಕಂಪನಿ ನಾಟಕದ ಕತೆ ಅವರಿಗಿಂತ ಸ್ವಲ್ಪ ಹಿಂದೆ ಶುರುವಾಗುತ್ತದೆ.

19ನೇ ಶತಮಾನದ ಕೊನೆಯ ಭಾಗದಲ್ಲಿ ಮರಾಠಿ ಮತ್ತು ಪಾರ್ಸಿ ನಾಟಕ ಕಂಪನಿಗಳು ನಮ್ಮ ನಾಡಿಗೂ ಬಂದವು. ಬಣ್ಣ ಬಳಿದ ಪರದೆ, ಏರಿಳಿಯುವ ಸೀನು, ಹಾರ್ಮೋನಿಯಂ, ಮಾತಿಗಿಂತ ಹೆಚ್ಚು ಹಾಡು. ಇವನ್ನು ನೋಡಿ ನಮ್ಮವರಿಗೂ ಹುಮ್ಮಸ್ಸು ಬಂತು. ಮೈಸೂರು ಅರಮನೆಯ ಆಶ್ರಯದಲ್ಲಿ ಚಾಮರಾಜೇಂದ್ರ ಕರ್ಣಾಟಕ ನಾಟಕ ಸಭಾ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ಅದೂ ಎಳೆಯ ವಯಸ್ಸಿನ ಪ್ರೇಮದ ಕತೆಯೇ ಅಲ್ಲವೇ?

1884ರಲ್ಲಿ ಗುಬ್ಬಿ ಎಂಬ ಸಣ್ಣ ಊರಿನಲ್ಲಿ, ಅರಮನೆಯ ಹಂಗಿಲ್ಲದೆ, ಊರಿನವರೇ ಸೇರಿ ಕಟ್ಟಿದ್ದು ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. 1891ರಲ್ಲಿ ಹುಟ್ಟಿದ ವೀರಣ್ಣ ಆರು ವರ್ಷದ ಹುಡುಗನಾಗಿ ಅದಕ್ಕೆ ಸೇರಿದರು. 1917ರ ಹೊತ್ತಿಗೆ ಕಂಪನಿಯ ಹೊಣೆಯೇ ಅವರ ಹೆಗಲಿಗೆ ಬಂತು. ಆಮೇಲೆ ಅದು ಬೆಳೆದ ರೀತಿಯೇ ಬೇರೆ. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆ ತಂದು ನಿಲ್ಲಿಸಿದವರು ಅವರು.

ಈಗ ಒಂದು ಸಂಗತಿ ಗಮನಿಸಿ. ಬೆಂಗಳೂರಿನಿಂದ ಹೊರಟ ರೈಲು ತುಮಕೂರು, ಗುಬ್ಬಿ, ತಿಪಟೂರು ದಾಟಿ ಬರುವುದು ನಮ್ಮ ಅರಸೀಕೆರೆಗೆ. ಅಂದರೆ ಗುಬ್ಬಿ ಮತ್ತು ಅರಸೀಕೆರೆ ಒಂದೇ ಹಳಿಯ ಮೇಲಿನ ಊರುಗಳು. ಅರಸೀಕೆರೆಯಿಂದ ಒಂದು ಹಳಿ ಹುಬ್ಬಳ್ಳಿ ಕಡೆಗೆ, ಇನ್ನೊಂದು ಹಾಸನದ ಮೇಲೆ ಮೈಸೂರಿಗೆ. ನಾಟಕ ಕಂಪನಿ ಎಂದರೆ ನಾಲ್ಕು ಜನ ಬ್ಯಾಗು ಹಿಡಿದು ಬರುವ ವ್ಯವಹಾರವಲ್ಲ. ಪರದೆ, ಕಂಬ, ತಗಡು, ಪೆಟ್ಟಿಗೆ, ಪಾತ್ರೆ, ಕೂಸು ಕುನ್ನಿ ಎಲ್ಲ ಸೇರಿ ಒಂದು ಸಣ್ಣ ಊರೇ ಎದ್ದು ಬಂದ ಹಾಗೆ. ಅಷ್ಟನ್ನು ಸಾಗಿಸಲು ರೈಲು ಬೇಕು. ಜಂಕ್ಷನ್ ಊರುಗಳಿಗೆ ನಾಟಕದ ರುಚಿ ಹತ್ತಿದ್ದರ ಹಿಂದೆ ಈ ಹಳಿಗಳೂ ಇವೆ.

ಬೇಲೂರು, ಹಳೇಬೀಡಿಗೆ ಆಗ ರೈಲು ಇರಲಿಲ್ಲ. ಆ ಕಡೆಯವರು ಜಾವಗಲ್ ಮೇಲೆ ಗಾಡಿ ಹೊಡೆದುಕೊಂಡು ಅರಸೀಕೆರೆಗೆ ಬರಬೇಕು, ಇಲ್ಲವೇ ಜಾತ್ರೆಗೆ ಡೇರೆ ಬರುವ ತನಕ ಕಾಯಬೇಕು.

ಕಳ್ಳನೇ ಹೀರೋ ಆದ

ಸದಾರಮೆಯಲ್ಲಿ ವೀರಣ್ಣನವರು ಹಾಕುತ್ತಿದ್ದದ್ದು ರಾಜಕುಮಾರನ ಪಾತ್ರ ಅಲ್ಲ, ಕಳ್ಳನ ಪಾತ್ರ. ಅವರು ಹಾಸ್ಯದ ನಟ. ರಾತ್ರಿ ಹೊತ್ತು ಹೊಂಚು ಹಾಕಿ ಬರುವ ಕಳ್ಳ ಜನರನ್ನು ಹೆದರಿಸುವ ಬದಲು ನಗಿಸಿ ನಗಿಸಿ ಹೊಟ್ಟೆ ಹುಣ್ಣಾಗಿಸುತ್ತಿದ್ದ. ಅವರ ಪಾತ್ರಗಳಲ್ಲೆಲ್ಲ ಹೆಚ್ಚು ಹೆಸರಾದದ್ದು ಇದೇ.

ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ ತೆರೆಗೆ ಬಂದದ್ದು 1934ರಲ್ಲಿ. ಮರುವರ್ಷವೇ, 1935ರಲ್ಲಿ, ಸದಾರಮೆ ಸಿನಿಮಾ ಆಯಿತು. ವೀರಣ್ಣನವರೇ ಅದರಲ್ಲಿ ನಟಿಸಿದರು. ಅದರಲ್ಲಿದ್ದ ಕೆ. ಅಶ್ವತ್ಥಮ್ಮ 1937ರಲ್ಲಿ ತಮಿಳಿನ ಚಿಂತಾಮಣಿಯಲ್ಲಿ ತ್ಯಾಗರಾಜ ಭಾಗವತರ ಜೊತೆ ನಟಿಸಿ ಅಲ್ಲೂ ಮನೆಮಾತಾದರು. ತಮಿಳಿನವರೂ ಅದೇ 1935ರಲ್ಲಿ ಈ ಕತೆಯನ್ನು ನವೀನ ಸದಾರಮೆ ಎಂದು ತೆರೆಗೆ ತಂದರು. ಕನ್ನಡದಲ್ಲಿ 1956ರಲ್ಲಿ ಮತ್ತೆ ಸದಾರಮೆ ಸಿನಿಮಾ ಬಂತು. ಅಷ್ಟರ ಮಟ್ಟಿಗೆ ಜನರಿಗೆ ಈ ಹುಡುಗಿ ಬೇಕಾಗಿದ್ದಳು.

ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಇವರೆಲ್ಲ ಗುಬ್ಬಿ ಕಂಪನಿಯಲ್ಲಿ ಪಳಗಿ ಸಿನಿಮಾಕ್ಕೆ ಹೋದವರು. ಆ ಸಾಲಿನಲ್ಲಿ ನಮ್ಮೂರಿನವರೊಬ್ಬರಿದ್ದಾರೆ. ಹಾಸ್ಯವೂ ಖಳನ ಪಾತ್ರವೂ ಸಲೀಸಾಗಿ ಬರುತ್ತಿದ್ದ ಟಿ.ಎನ್. ಬಾಲಕೃಷ್ಣ ಹುಟ್ಟಿದ್ದು ಅರಸೀಕೆರೆಯಲ್ಲಿ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆ ನೋಡಿಕೊಂಡೇ ಸರಿಯಾದ ಹೊತ್ತಿಗೆ ಮಾತು ಹೇಳುತ್ತಿದ್ದರು. ನಾಟಕ ಕಂಪನಿಗಳಲ್ಲಿ ದುಡಿದು, 1943ರ ರಾಧಾರಮಣದ ಮೂಲಕ ಸಿನಿಮಾಕ್ಕೆ ಬಂದು, ನೂರಾರು ಚಿತ್ರಗಳಲ್ಲಿ ನಟಿಸಿದರು. ಬೆಂಗಳೂರಿನ ಕೆಂಗೇರಿ ಹತ್ತಿರ ಅಭಿಮಾನ್ ಸ್ಟುಡಿಯೋ ಕಟ್ಟಿದವರು ಇವರೇ. 2009ರಲ್ಲಿ ವಿಷ್ಣುವರ್ಧನ್ ಅಂತ್ಯಸಂಸ್ಕಾರ ನಡೆದದ್ದು ಅಲ್ಲೇ. ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿಯುವ ಎಷ್ಟು ಹುಡುಗರಿಗೆ ಇದು ಗೊತ್ತು?

ನಮ್ಮ ಕಡೆಯ ರಾತ್ರಿ

ಇವತ್ತು ನೈಟ್ ಲೈಫ್ ಅಂದರೆ ಬೆಂಗಳೂರಿನ ಬ್ರಿಗೇಡ್ ರಸ್ತೆ ನೆನಪಾಗುತ್ತದೆ. ನಮ್ಮ ಹಿರಿಯರಿಗೂ ಒಂದು ನೈಟ್ ಲೈಫ್ ಇತ್ತು. ಅದು ವರ್ಷಕ್ಕೆ ನಾಲ್ಕೈದು ರಾತ್ರಿಯದು.

ಆಷಾಢದಲ್ಲಿ ಮಾಲೇಕಲ್ಲು ತಿರುಪತಿ ತೇರು. ಚೈತ್ರದಲ್ಲಿ ಬೇಲೂರಿನ ಚೆನ್ನಕೇಶವನ ತೇರು. ಹಳೇಬೀಡಿನವರಿಗೆ ಪುಷ್ಪಗಿರಿ. ಇವಲ್ಲದೆ ಊರೂರಿನ ಹಬ್ಬ, ಶಿವರಾತ್ರಿಯ ಜಾಗರಣೆ. ತೇರು ನೋಡಿದ ಮೇಲೆ ಮನೆಗೆ ಹೋಗುವುದಿಲ್ಲ, ನಾಟಕ ನೋಡಿಯೇ ಹೋಗುವುದು. ಕಂಬಳಿ, ಗೋಣಿತಾಟು, ಕಡ್ಲೆಪುರಿ ಇದ್ದರೆ ಸಾಕು. ಗ್ಯಾಸ್ ಲೈಟಿನ ಸುತ್ತ ಹುಳ ಮುತ್ತಿಕೊಂಡಿರುತ್ತಿದ್ದವು. ಕುರ್ಚಿಗೆ ಒಂದು ರೇಟು, ಬೆಂಚಿಗೆ ಒಂದು, ನೆಲಕ್ಕೆ ಒಂದು. ಹೆಂಗಸರಿಗೆ ಒಂದು ಪಕ್ಕ, ಗಂಡಸರಿಗೆ ಇನ್ನೊಂದು ಪಕ್ಕ, ನಡುವೆ ಹಗ್ಗ.

ಹಗ್ಗ ಇದ್ದರೂ ಕಣ್ಣಿಗೆ ಹಗ್ಗ ಕಟ್ಟೋಕೆ ಆಗುತ್ತದೆಯೇ? ಆಚೆ ಊರಿನ ಹುಡುಗ, ಈಚೆ ಊರಿನ ಹುಡುಗಿ ಒಬ್ಬರನ್ನೊಬ್ಬರು ಕಣ್ಣೆತ್ತಿ ನೋಡಬಹುದಾಗಿದ್ದ ಜಾಗ ಅದೊಂದೇ. ಪ್ರೀತಿಯ ಮಾತು ಹೇಗಿರುತ್ತದೆ ಎಂದು ಗೊತ್ತಾಗಿದ್ದೂ ಅಲ್ಲೇ. ಮನೆಯಲ್ಲಿ ಅಪ್ಪ ಅಮ್ಮನನ್ನು "ಇವಳೇ" ಎಂದು ಕರೆಯುವುದನ್ನಷ್ಟೇ ಕೇಳಿದ್ದ ಮಕ್ಕಳಿಗೆ, ಸ್ಟೇಜಿನ ಮೇಲೆ ಒಬ್ಬ ಗಂಡಸು ಹೆಣ್ಣಿನ ಎದುರು ನಿಂತು ಹಾಡಿನಲ್ಲಿ ಬೇಡಿಕೊಳ್ಳುವುದು ಹೊಸದು. ಹಾಡು ಇಷ್ಟವಾದರೆ ಒನ್ಸ್ ಮೋರ್. ಸತ್ತು ಬಿದ್ದ ಪಾತ್ರವೂ ಜನ ಕೂಗಿದರೆ ಎದ್ದು ಮತ್ತೊಮ್ಮೆ ಹಾಡಿ ಸಾಯಬೇಕು!

ಕಂಪನಿ ಬಾರದ ಊರುಗಳಲ್ಲಿ ಊರ ಹುಡುಗರೇ ನಾಟಕ ಕಲಿಯುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಬಂದು ಊರಲ್ಲೇ ಉಳಿಯುವರು. ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ರಾತ್ರಿ ಎಂಟಕ್ಕೆ ಚಾವಡಿಯಲ್ಲಿ ಸೇರಿದರೆ ನಡುರಾತ್ರಿ ತನಕ ಟ್ರಯಲ್. ಎರಡು ಮೂರು ತಿಂಗಳು ಹೀಗೆ. ಅಕ್ಷರ ಬಾರದವರೂ ಮಾತು, ಮಟ್ಟು ಎರಡನ್ನೂ ಬಾಯಿಪಾಠ ಮಾಡುತ್ತಿದ್ದರು. ನಮ್ಮ ಚಿಕ್ಕಪ್ಪನಿಗೆ ಇವತ್ತಿಗೂ ಕೃಷ್ಣನ ಪಾತ್ರದ ಮಾತು ಮರೆತಿಲ್ಲ, ಆಧಾರ್ ನಂಬರ್ ಮಾತ್ರ ನೆನಪಿರುವುದಿಲ್ಲ.

ಆದರೆ ಎಲ್ಲರಿಗೂ ಆ ರಾತ್ರಿ ಒಂದೇ ಥರ ಇರಲಿಲ್ಲ. ಎಷ್ಟೋ ಊರುಗಳಲ್ಲಿ ಕೇರಿಯವರು ಹಿಂದೆ, ದೂರದಲ್ಲಿ ನಿಂತೇ ನೋಡಬೇಕಿತ್ತು. ಸೊಸೆಯರಿಗೆ ಅತ್ತೆ ಹೊರಟರೆ ಮಾತ್ರ ಹೊರಡುವ ಭಾಗ್ಯ. ನಮ್ಮಜ್ಜಿ ಮದುವೆಯಾದ ಮೇಲೆ ಎಷ್ಟು ನಾಟಕ ನೋಡಿದಳು ಎಂದು ಒಮ್ಮೆ ಕೇಳಿದ್ದೆ. "ಎಲ್ಲಿಂದ ಬಂತು ಕಣಪ್ಪ" ಅಂದು ಸುಮ್ಮನಾದಳು.

ಹಾಡಿದವಳು ಯಾರು?

ಮೊದಮೊದಲು ಹೆಣ್ಣಿನ ಪಾತ್ರವನ್ನು ಗಂಡಸರೇ ಹಾಕುತ್ತಿದ್ದರು. ಮಾನವಂತರ ಮನೆಯ ಹೆಣ್ಣು ಬಣ್ಣ ಹಚ್ಚುವುದೆಂದರೆ ಊಹಿಸಲೂ ಆಗದ ಮಾತು. ನಿಧಾನವಾಗಿ ಕಂಪನಿಗಳಿಗೆ ಕಲಾವಿದೆಯರು ಬಂದರು. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮನವರಂಥವರ ಹಾಡು, ಅಭಿನಯ ನೋಡಲೆಂದೇ ಜನ ಮುಗಿಬೀಳುತ್ತಿದ್ದರು. ಜನ ಬಂದರು, ದುಡ್ಡು ಬಂತು, ಹೆಸರೂ ಬಂತು. ಮರ್ಯಾದೆ ಮಾತ್ರ ಸ್ಟೇಜಿನಿಂದ ಕೆಳಗಿಳಿಯಲಿಲ್ಲ.

ಇಲ್ಲಿಗೆ ನಾನು ಮೊದಲು ಹೇಳಿದ ಅಮ್ಮನ ವಿಷಯ ಬರುತ್ತದೆ.

ನಮ್ಮ ಮೂರು ಊರುಗಳಲ್ಲಿ ಒಂದರಲ್ಲಿ ಅವರು ಇದ್ದಾರೆ. ಯಾವ ಊರು ಎಂದು ಬರೆಯುವುದಿಲ್ಲ. ಎಂಬತ್ತು ದಾಟಿದೆ. ಹದಿನಾರನೇ ವಯಸ್ಸಿನಿಂದ ಸುಮಾರು ಇಪ್ಪತ್ತು ವರ್ಷ ಒಂದು ಸಣ್ಣ ಕಂಪನಿಯಲ್ಲಿ ಸದಾರಮೆ ಆಗಿದ್ದವರು. ಹೋದ ವರ್ಷ ಜಾತ್ರೆಯ ವಿಶೇಷಕ್ಕೆಂದು ಒಂದು ಬರಹ ಮಾಡೋಣ ಅಂತ ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ನಿಲ್ಲಿಸಿ, "ಪೇಪರಿನವನಾ? ಹಂಗಾರೆ ಬೇಡ" ಅಂದರು. ಪೆನ್ನು ಜೇಬಿನಲ್ಲಿಟ್ಟು, ಮೊಬೈಲ್ ಬ್ಯಾಗಿಗೆ ಹಾಕಿದ ಮೇಲೆ ಒಳಗೆ ಕರೆದು ಕಾಫಿ ಕೊಟ್ಟರು.

ಅವರು ಸದಾರಮೆಯಾದ ಮೊದಲ ವರ್ಷ ಎದುರಿಗೆ ಜಯವೀರ ಆಗಿದ್ದವರಿಗೆ ನಲವತ್ತು ದಾಟಿತ್ತಂತೆ, ಹೊಟ್ಟೆಯೂ ಬಂದಿತ್ತಂತೆ. "ಹದಿನಾರು ವರ್ಷದ ಪ್ರೀತಿ ಅಂತ ಜನ ಅಂದ್ಕೊಂಡ್ರು. ಹದಿನಾರು ನಂಗೊಬ್ಬಳಿಗೇ" ಎಂದು ನಕ್ಕರು. ಆಮೇಲೆ ನಗಲಿಲ್ಲ.

ಕಂಪನಿ ಒಂದು ಊರಿಗೆ ಬಂದರೆ ಎರಡು ಮೂರು ತಿಂಗಳು ಕ್ಯಾಂಪ್. ಬಾಡಿಗೆಗೆ ಮನೆ ಹುಡುಕಬೇಕು. ನಾಟಕದೋರಿಗೆ ಮನೆ ಇಲ್ಲ ಅನ್ನುವರು. ರಾತ್ರಿ ಮುಂದಿನ ಬೆಂಚಿನಲ್ಲಿ ಕೂತು ಒನ್ಸ್ ಮೋರ್ ಕೂಗಿದವರ ಮನೆಯ ಬಾಗಿಲೇ ಬೆಳಿಗ್ಗೆ ಮುಚ್ಚಿರುತ್ತಿತ್ತು. ಕೊನೆಗೆ ಡೇರೆಯ ಹಿಂದೆ ತಗಡಿನ ಮರೆ ಕಟ್ಟಿಕೊಂಡು ಇರುವುದು. ಬೆಳಗಿನ ಜಾವ ಮೂರಕ್ಕೆ ಬಣ್ಣ ತೊಳೆದು, ಸೂರ್ಯ ಹುಟ್ಟುವ ಮೊದಲು ಬಯಲಿಗೆ ಹೋಗಿ ಬಂದು, ಮಗುವಿಗೆ ಗಂಜಿ ಕಾಯಿಸಬೇಕು. ಮಳೆ ಬಂದು ನಾಟಕ ನಿಂತರೆ ಸಂಬಳವೂ ಇಲ್ಲ. ಮಗಳ ಮದುವೆಯಲ್ಲಿ ಅವರು ತಾವು ಏನು ಮಾಡುತ್ತಿದ್ದೆವು ಎಂದು ಬೀಗರಿಗೆ ಹೇಳಲಿಲ್ಲ. ಈಗ ಮೊಮ್ಮಗನಿಗೆ ಹೆಣ್ಣು ನೋಡುತ್ತಿದ್ದಾರೆ.

"ಹೆಸರು ಹಾಕಬೇಡ ಕಣಪ್ಪ, ಫೋಟೋನೂ ಬೇಡ" ಅಂದರು. ಎದ್ದು ಹೊರಡುವಾಗ ನಾನು ಅಭ್ಯಾಸಬಲದಿಂದ "ಎಂಥಾ ಕಾಲ ಅಲ್ವೇನಮ್ಮ ಅದು" ಎಂದುಬಿಟ್ಟೆ. ಅವರು, "ನೋಡಿದೋರಿಗೆ ಒಂದು ರಾತ್ರಿ. ನಂಗೆ ಇಪ್ಪತ್ತು ವರ್ಷ" ಅಂದರು.

ಹೆಸರು, ಫೋಟೋ ಇಲ್ಲದ ಬರಹ ಪೇಪರಿನಲ್ಲಿ ಬರಲಿಲ್ಲ. ಬರಬಾರದಿತ್ತೇನೋ ಎಂದು ನಾನೂ ಸುಮ್ಮನಾದೆ. ಆದರೆ ಆ ಮಾತು ಕಿವಿಯಿಂದ ಹೋಗಲಿಲ್ಲ.

ಬೇಲೂರಿನ ಕನ್ನಡಿ

ನಾನು ಸುದ್ದಿಗಾಗಿ ಬೇಲೂರಿಗೆ ಹೋದಾಗಲೆಲ್ಲ ಕನ್ನಡಿ ಹಿಡಿದು ನಿಂತ ಮದನಿಕೆಯ ಮುಂದೆ ಒಂದು ಗಳಿಗೆ ನಿಲ್ಲುತ್ತೇನೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಕುಣಿಯುವ, ಹಾಡುವ, ಅಲಂಕಾರ ಮಾಡಿಕೊಳ್ಳುವ ಹುಡುಗಿಯರನ್ನು ಕಲ್ಲಿನಲ್ಲಿ ಕಡೆದು ದೇವರ ಮನೆಯ ಸೂರಿನ ಕೆಳಗೆ ಇಟ್ಟಿದ್ದಾರೆ. ರಾಣಿ ಶಾಂತಲೆ ಹಾಡು, ಕುಣಿತದಲ್ಲಿ ಪ್ರವೀಣೆ ಎಂದು ಶಾಸನಗಳೇ ಹೊಗಳುತ್ತವೆ. ಗೈಡುಗಳು ಹೇಳುವುದನ್ನು ಕೇಳಿ ನಾವೂ ಎದೆ ಉಬ್ಬಿಸುತ್ತೇವೆ.

ಕಲ್ಲಿನ ಹುಡುಗಿ ಕನ್ನಡಿ ಹಿಡಿದರೆ ನಮಗೆ ಹೆಮ್ಮೆ. ಅದೇ ಬೇಲೂರಿನ ತೇರಿನ ಡೇರೆಯಲ್ಲಿ, ಗ್ಯಾಸ್ ಲೈಟಿನ ಬೆಳಕಿನಲ್ಲಿ ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಿದ್ದ ಜೀವಂತ ಹುಡುಗಿಗೆ ಬಾಡಿಗೆಗೆ ಒಂದು ಕೋಣೆ ಸಿಗುತ್ತಿರಲಿಲ್ಲ.

ಅಮೆರಿಕದಲ್ಲೂ ಹೀಗೇ

ಹಳೆಯದನ್ನು ತೊಳೆದು ಹೊಳಪು ಕೊಟ್ಟು ನೋಡುವ ಚಟ ನಮಗೊಬ್ಬರಿಗೇ ಇಲ್ಲ. ಅಮೆರಿಕದಲ್ಲಿ ಗ್ರೀಸ್ ಎಂಬ ಹಾಡಿನ ನಾಟಕವೊಂದಿದೆ. 1971ರಲ್ಲಿ ಷಿಕಾಗೋದಲ್ಲಿ ಸಣ್ಣದಾಗಿ ಶುರುವಾಗಿ, 1972ರಲ್ಲಿ ನ್ಯೂಯಾರ್ಕಿಗೆ ಹೋಗಿ, 1978ರಲ್ಲಿ ಸಿನಿಮಾ ಆಗಿ ಜಗತ್ತೆಲ್ಲ ಸುತ್ತಿತು. 1950ರ ದಶಕದ ಕೊನೆಯ ಹೈಸ್ಕೂಲು ಹುಡುಗ ಹುಡುಗಿಯರ ಪ್ರೀತಿ, ಕಾರು, ರಾತ್ರಿ ಸುತ್ತಾಟ, ಕುಣಿತ ಇವೇ ಅದರ ಕತೆ. ಬರೆದವರು ತಮ್ಮ ಹರೆಯದ ದಿನಗಳನ್ನು ತಿರುಗಿ ನೋಡಿ ಬರೆದದ್ದು.

ಷಿಕಾಗೋದ ಮೊದಲ ಆಟ ಒರಟಾಗಿತ್ತು, ಕೂಲಿ ಕಾರ್ಮಿಕರ ಬೀದಿಯ ಮಕ್ಕಳ ಬಾಯಿಯ ಭಾಷೆಯಲ್ಲಿತ್ತು. ದೊಡ್ಡ ರಂಗಕ್ಕೆ, ಆಮೇಲೆ ಸಿನಿಮಾಕ್ಕೆ ಹೋಗುತ್ತಾ ಆ ಒರಟುತನ ಸವೆಯುತ್ತಾ ಬಂತು. ಕೊನೆಗೆ ಉಳಿದದ್ದು ಎಲ್ಲರಿಗೂ ಹಿತವಾದ, ಬಣ್ಣಬಣ್ಣದ ಒಂದು ಹರೆಯ. ನೆನಪು ಮಾಡುವ ಕೆಲಸವೇ ಹಾಗೆ. ನಮಗೆ ಚೆಂದ ಕಂಡದ್ದನ್ನು ಇಟ್ಟುಕೊಂಡು, ಚುಚ್ಚುವುದನ್ನು ಎತ್ತಿ ಹೊರಗೆ ಹಾಕುತ್ತದೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುತ್ತಿರುವುದೂ ಇದೇ.

ಬಾಗಿಲು ತೆರೆದವರು

ಬಾಗಿಲು ಮುಚ್ಚಿದ್ದರೂ ತಳ್ಳಿಕೊಂಡು ಒಳಗೆ ಬಂದ ಕಲಾವಿದೆಯರು ಇದ್ದಾರೆ. ಅವರನ್ನು ಮರೆಯಬಾರದು.

ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಎಲ್ಲ ಪಾತ್ರಗಳೂ ಹೆಂಗಸರದೇ. ಹಿಂದೆ ಗಂಡಸರು ಸೀರೆ ಉಟ್ಟು ಸೀತೆಯಾಗುತ್ತಿದ್ದರೆ, ಇಲ್ಲಿ ನಾಗರತ್ನಮ್ಮ ಮೀಸೆ ಹಚ್ಚಿ ಕಂಸ, ರಾವಣ, ದುರ್ಯೋಧನ ಆಗಿ ಅಬ್ಬರಿಸುತ್ತಿದ್ದರು. ಗಂಡುವೇಷ ಹಾಕಿದ ಸದಾರಮೆಯೇ ಕತೆಯಿಂದ ಎದ್ದು ಬಂದ ಹಾಗೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ತೀರಿಕೊಂಡರು.

ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಹೊಸ ಕಾಲದ ಜನಕ್ಕೆ ಸದಾರಮೆಯನ್ನು ಮತ್ತೆ ತೋರಿಸಿದರು. ತಾತ ಹೆಸರು ಮಾಡಿದ್ದ ಕಳ್ಳನ ಪಾತ್ರವನ್ನು ತಾವೇ ಹಾಕಿದರು. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು, 2013ರಲ್ಲಿ ಪದ್ಮಶ್ರೀ ಪಡೆದರು. ವೀರಣ್ಣನವರಿಗೂ 1972ರಲ್ಲಿ ಪದ್ಮಶ್ರೀ ಬಂದಿತ್ತು. ಅವರು ತೀರಿಕೊಂಡದ್ದೂ ಆ ವರ್ಷವೇ.

ಇವರ ಹೆಸರು ಪುಸ್ತಕಗಳಲ್ಲಿ ಉಳಿಯುತ್ತದೆ. ನನಗೆ ಕಾಫಿ ಕೊಟ್ಟ ಅಮ್ಮನಂಥವರ ಹೆಸರು ಎಲ್ಲಿ ಉಳಿಯುತ್ತದೆ?

ಈಗಿನ ಮಾತು

ಟೂರಿಂಗ್ ಟಾಕೀಸ್ ಬಂತು, ಆಮೇಲೆ ಟಿ.ವಿ. ಬಂತು, ಈಗ ಜೇಬಿನಲ್ಲೇ ಸಿನಿಮಾ. ಡೇರೆ ಹಾಕಿ ತಿಂಗಳುಗಟ್ಟಲೆ ಕ್ಯಾಂಪ್ ಮಾಡುವ ಕಂಪನಿಗಳು ನಮ್ಮ ಕಡೆ ಕಾಣುವುದಿಲ್ಲ. ಆದರೆ ಊರಿನವರೇ ಕಲಿತು ಆಡುವ ಪೌರಾಣಿಕ ನಾಟಕ ಇನ್ನೂ ಇದೆ. ಹಾಸನ, ತುಮಕೂರು, ಮಂಡ್ಯ ಕಡೆ ಕುರುಕ್ಷೇತ್ರ ಇಲ್ಲದೆ ಹಬ್ಬವೇ ಇಲ್ಲ. ಗಂಡು ಪಾತ್ರಗಳು ಊರಿನವು. ದ್ರೌಪದಿ, ರುಕ್ಮಿಣಿ, ಉತ್ತರೆಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ.

ಹೋದ ಸಲ ಒಂದು ಊರಿನ ನಾಟಕಕ್ಕೆ ನಾನೂ ಹೋಗಿದ್ದೆ. ಮೂವರು ಕಲಾವಿದೆಯರು ಸಂಜೆ ಬಸ್ಸಿಗೆ ಬಂದಿಳಿದರು. ಬಣ್ಣ ಹಚ್ಚಿಕೊಳ್ಳಲು ಕೊಟ್ಟದ್ದು ಸೊಸೈಟಿಯ ಗೋದಾಮು. ಬಾಗಿಲಿಗೆ ಚಿಲಕ ಇರಲಿಲ್ಲ. ಶೌಚಾಲಯಕ್ಕೆ ಯಾರ ಮನೆಗೆ ಹೋಗಬೇಕು ಎಂದು ಯಾರೂ ಹೇಳಿರಲಿಲ್ಲ. ನಾಟಕ ನಡೆಯುವಾಗ ನೂರು ಮೊಬೈಲು ಮೇಲಕ್ಕೆದ್ದವು. ನೋಟು ಸಿಕ್ಕಿಸುವ ನೆಪದಲ್ಲಿ ಸ್ಟೇಜಿಗೆ ಹತ್ತಿದವರು ಕೈ ಎಲ್ಲೆಲ್ಲಿ ಇಡುತ್ತಿದ್ದರು ಎಂದು ನೋಡಿದವರಿಗೆಲ್ಲ ಗೊತ್ತು. ಬೆಳಗಾಗುವ ಮೊದಲೇ ಒಬ್ಬ ಕಲಾವಿದೆಯ ಕುಣಿತದ ಹತ್ತು ಸೆಕೆಂಡಿನ ತುಣುಕು ಕೊಳಕು ಮಾತಿನ ಜೊತೆ ನನ್ನ ಮೊಬೈಲಿಗೂ ಬಂತು. ಕಳಿಸಿದವನು "ಎಂಥಾ ಕಾಲ ಅದು" ಎಂದು ಹಾಕಿದ್ದ ಗ್ರೂಪಿನವನೇ.

ಕಂಪನಿ ನಾಟಕ ಹೋಯಿತು ಎಂದು ಅಳುವುದಕ್ಕಿಂತ, ಇರುವ ನಾಟಕದಲ್ಲಿ ನಾವು ಹೇಗಿದ್ದೇವೆ ಎಂದು ನೋಡಿಕೊಳ್ಳುವುದು ಮೇಲು. ದೊಡ್ಡ ಖರ್ಚಿನ ಕೆಲಸ ಏನಲ್ಲ. ನಿಮ್ಮೂರಿನಲ್ಲಿ ಈ ವರ್ಷ ನಾಟಕ ಇದ್ದರೆ, ಬರುವ ಕಲಾವಿದೆಯರಿಗೆ ಚಿಲಕವಿರುವ ಒಂದು ಕೋಣೆ ಕೊಡಿಸಿ. ಶೌಚಾಲಯ ಇರುವ ಒಂದು ಮನೆಯವರನ್ನು ಮೊದಲೇ ಒಪ್ಪಿಸಿ. ಮಾತಾಡಿದ ಸಂಭಾವನೆಯನ್ನು ಬಣ್ಣ ಹಚ್ಚುವ ಮೊದಲೇ ಕೈಗಿಡಿ. ನೋಟು ಕೊಡುವವರು ಕೈಗೆ ಕೊಡಲಿ ಇಲ್ಲವೇ ತಟ್ಟೆಗೆ ಹಾಕಲಿ ಎಂದು ಮೈಕಿನಲ್ಲಿ ಹೇಳಿಸಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ತನಕ ಬಿಟ್ಟು ಬನ್ನಿ. ಕೇಳದೆ ವಿಡಿಯೋ ಮಾಡಬೇಡಿ, ಬಂದದ್ದನ್ನು ಮುಂದಕ್ಕೆ ಕಳಿಸಬೇಡಿ.

ಇನ್ನೊಂದು ಕೆಲಸ. ನಿಮ್ಮ ಮನೆಯ ಅಟ್ಟದಲ್ಲಿ ಹಳೆ ನಾಟಕದ ಕರಪತ್ರ, ಮೇಷ್ಟ್ರು ಬರೆಸಿದ ಮಾತಿನ ನೋಟ್‌ಬುಕ್ ಇದ್ದರೆ ಗುಜರಿಗೆ ಹಾಕಬೇಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಕರಪತ್ರದಲ್ಲಿ ಕಲಾವಿದೆಯರ ಹೆಸರು ಇರುತ್ತದೆ. ಇನ್ನೂ ಬದುಕಿರುವವರು ಸಿಕ್ಕರೆ ಕೂತು ಮಾತಾಡಿಸಿ. ಅವರು ಹೆಸರು ಬೇಡ ಅಂದರೆ ಹೆಸರು ಬರೆಯಬೇಡಿ. ಕತೆಯನ್ನು ಮಾತ್ರ ಪೂರ್ತಿ ಕೇಳಿಸಿಕೊಳ್ಳಿ.

ನಮ್ಮಜ್ಜಿ ತೀರಿಕೊಂಡು ಆರು ವರ್ಷವಾಯಿತು. ಆ ಅಮ್ಮನ ಮನೆಯಲ್ಲಿ ಕೂತಿದ್ದಾಗ ಒಂದು ಲೆಕ್ಕ ಮನಸ್ಸಿಗೆ ಬಂದಿತ್ತು. ಅಜ್ಜಿಗೂ ಅವರಿಗೂ ಐದಾರು ವರ್ಷ ವ್ಯತ್ಯಾಸ ಇರಬಹುದು, ಅಷ್ಟೇ. ಒಬ್ಬಳು ಒಂದೇ ರಾತ್ರಿ ಹೊರಗೆ ಕಳೆದು ಮನೆಯೊಳಗೆ ಹೋದಳು. ಇನ್ನೊಬ್ಬರು ಸಾವಿರ ರಾತ್ರಿ ಹೊರಗೇ ಕಳೆದು, ಮನೆ ಸಿಗಲು ಅದನ್ನೆಲ್ಲ ಮುಚ್ಚಿಡಬೇಕಾಯಿತು. ಇಬ್ಬರೂ ನೆಚ್ಚಿದ್ದು ಒಬ್ಬಳೇ ಸದಾರಮೆಯನ್ನು.

ಹೊರಡುವಾಗ ನಾನು ಅಜ್ಜಿಯ ವಿಷಯ ಹೇಳಿದೆ, ಮದುವೆಯ ಇಸವಿಯನ್ನು ಸದಾರಮೆಯಿಂದ ಎಣಿಸುತ್ತಿದ್ದಳು ಎಂದು. ಆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಊರು ನಿಮ್ಮಜ್ಜೀದು?" ಎಂದು ಕೇಳಿದರು. ಹೇಳಿದೆ. "ಬಾ, ಇನ್ನೊಂದು ಸ್ವಲ್ಪ ಕಾಫಿ ಕುಡಿ" ಅಂದರು.